ಮನೆಯಲ್ಲೇ ಗೋಥಿಕ್ ಆಭರಣ ತಯಾರಿಸಿ ಮಾರುವುದು: ಕೊಡಗಿನ ಮಳೆ, ಲೋಹ ಮತ್ತು ಬೆಲೆಯ ಬಗ್ಗೆ ಸಲಹೆ ಬೇಕು

ಕರಿಮಣಿ, ಮಡಿಕೇರಿ

ಎಲ್ಲರಿಗೂ ನಮಸ್ಕಾರ. ಮಡಿಕೇರಿಯ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ತಾಮ್ರದ ತಂತಿ, ಬೆಳ್ಳಿಯ ತಗಡು, ಕಪ್ಪು ಗಾಜಿನ ಮಣಿ ಮತ್ತು ರೆಸಿನ್ (ಸುರಿದ ಮೇಲೆ ಗಟ್ಟಿಯಾಗುವ ದ್ರವ) ಬಳಸಿ ಗೋಥಿಕ್ ಹಾಗೂ ಫ್ಯಾಂಟಸಿ ಶೈಲಿಯ ಪದಕ, ಓಲೆ, ಉಂಗುರಗಳನ್ನು ಮಾಡುತ್ತಿದ್ದೇನೆ. ಬಾವಲಿಯ ರೆಕ್ಕೆ, ಚೂಪು ಕಮಾನಿನ ಕಿಟಕಿ, ಬಳ್ಳಿ ಸುತ್ತಿದ ಕಲ್ಲು, ಡ್ರ್ಯಾಗನ್ನಿನ ಕಣ್ಣು, ಇಂಥವು. ಇದುವರೆಗೆ ಸ್ನೇಹಿತರಿಗೆ ಮತ್ತು ಅವರ ಪರಿಚಯದವರಿಗೆ ಮಾತ್ರ ಕೊಡುತ್ತಿದ್ದೆ. ಈಗ ಬೆಂಗಳೂರು, ಪುಣೆಯ ಕಡೆಯಿಂದ ಗುರುತಿಲ್ಲದವರೂ ಕೇಳತೊಡಗಿರುವುದರಿಂದ ಇದನ್ನು ಕ್ರಮವಾದ ಮಾರಾಟವನ್ನಾಗಿ ನಡೆಸಬೇಕೆಂದಿದ್ದೇನೆ.

ನನ್ನ ಮುಖ್ಯ ಚಿಂತೆ ಮಳೆಗಾಲದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಗೋಡೆಯೇ ಬೆವರುವಾಗ ಲೋಹ ಬಣ್ಣಗೆಡದಂತೆ, ರೆಸಿನ್ ಅಂಟಂಟಾಗದಂತೆ ಕೆಲಸ ಮಾಡುವುದು ಹೇಗೆ? ಜೊತೆಗೆ, ಯಾವ ಲೋಹವನ್ನು ಯಾವ ಹೆಸರಿನಲ್ಲಿ ಮಾರಬೇಕು, ಬೆಲೆ ಹೇಗೆ ಕಟ್ಟಬೇಕು ಎಂಬುದನ್ನೂ ತಿಳಿಯಬೇಕಾಗಿದೆ. ಇನ್ನೊಂದು ಆಲೋಚನೆಯೂ ಇದೆ: ನಮ್ಮ ಕೊಡವ ಹೆಂಗಸರ ಕೊರಳಿನ ಆಭರಣಗಳಾದ ಕೊಕ್ಕೆತಾತಿ, ಪತ್ತಾಕ್‌ಗಳ ಆಕಾರವನ್ನು ಈ ಶೈಲಿಗೆ ತರಬಹುದೇ? ತಲೆಬುರುಡೆಯನ್ನು ಕೊರಳಿಗೆ ಹಾಕಿಕೊಳ್ಳುವವರು ಯಾರು ಎಂದು ಅತ್ತೆಯವರು ಕೇಳುತ್ತಲೇ ಇದ್ದಾರೆ, ಆ ಪ್ರಶ್ನೆಗೆ ಇಲ್ಲಿ ಉತ್ತರ ಬೇಕಾಗಿಲ್ಲ.

ಬೆಸುಗೆಮನೆ, ವಿರಾಜಪೇಟೆ

ಲೋಹದ ವಿಷಯವನ್ನು ಮೊದಲು ಹೇಳುತ್ತೇನೆ, ಏಕೆಂದರೆ ಉಳಿದ ಎಲ್ಲ ಪ್ರಶ್ನೆಗಳೂ ಅದಕ್ಕೇ ತಗುಲಿಕೊಂಡಿವೆ. ಗೋಥಿಕ್ ಆಭರಣದ ಕಪ್ಪು ಮೂರು ಬಗೆಯಲ್ಲಿ ಬರುತ್ತದೆ. ಲೋಹವನ್ನೇ ರಾಸಾಯನಿಕವಾಗಿ ಕಪ್ಪಾಗಿಸಬಹುದು, ಕಪ್ಪು ಲೇಪ ಕೊಡಬಹುದು, ಇಲ್ಲವೇ ಕಪ್ಪು ವಸ್ತುವನ್ನೇ ಕೂರಿಸಬಹುದು. ಅಂಗಡಿಯಲ್ಲಿ ಸಿಗುವ ಅಗ್ಗದ ಕಪ್ಪು ಸರಗಳು ಬಹುತೇಕ ಎರಡನೆಯ ಬಗೆಯವು. ಬೆವರು ತಾಗುವ ಕತ್ತಿನ ಹಿಂಭಾಗದಲ್ಲಿ ಲೇಪ ಸವೆದು ಒಳಗಿನ ಹಿತ್ತಾಳೆಯೋ ಕಬ್ಬಿಣವೋ ಹೊರಗೆ ಕಾಣುತ್ತದೆ. ಕೈಯಿಂದ ಮಾಡಿದ್ದೆಂದು ಹೇಳಿ ಹೆಚ್ಚಿನ ಬೆಲೆ ಕೇಳುವವರು ಮೊದಲನೆಯ ಬಗೆಯನ್ನೇ ಕಲಿಯುವುದು ಒಳ್ಳೆಯದು.

ಸ್ಟರ್ಲಿಂಗ್ ಬೆಳ್ಳಿಯಲ್ಲಿ ಶೇಕಡಾ 92.5ರಷ್ಟು ಬೆಳ್ಳಿ ಇರುತ್ತದೆ, ಉಳಿದದ್ದು ಸಾಮಾನ್ಯವಾಗಿ ತಾಮ್ರ. ಗಾಳಿಯಲ್ಲಿರುವ ಗಂಧಕದ ಅಂಶ ತಾಗಿ ಮೇಲ್ಮೈಯಲ್ಲಿ ಬೆಳ್ಳಿಯ ಸಲ್ಫೈಡ್ ಪದರ ಕಟ್ಟುವುದೇ ನಾವು ನೋಡುವ ಕಪ್ಪು, ತೇವ ಹೆಚ್ಚಿದ್ದಷ್ಟೂ ಅದು ಬೇಗ ಕಟ್ಟುತ್ತದೆ. ಮಳೆಗಾಲದಲ್ಲಿ ತಾನಾಗಿ ಬರುವ ಕಪ್ಪು ಮಚ್ಚೆಮಚ್ಚೆಯಾಗಿರುತ್ತದೆ, ನಾವು ಬೇಕೆಂದು ತರುವ ಕಪ್ಪು ಸಮನಾಗಿರಬೇಕು. ಅದಕ್ಕೆ ಲಿವರ್ ಆಫ್ ಸಲ್ಫರ್ ಎಂಬ ಗಂಧಕದ ಲವಣವನ್ನು ಬಳಸುತ್ತಾರೆ. ಪದಕವನ್ನು ಸೀಗೆ ಅಥವಾ ಅಂಟುವಾಳದ ನೀರಿನಲ್ಲಿ ಜಿಡ್ಡು ಹೋಗುವಂತೆ ಉಜ್ಜಿ ತೊಳೆದು, ಕುದಿಯದ ಬಿಸಿನೀರಿನಲ್ಲಿ ಆ ಲವಣವನ್ನು ಸ್ವಲ್ಪವೇ ಕರಗಿಸಿ, ಕೆಲವು ಕ್ಷಣ ಅದ್ದಿ ತೆಗೆದು ತಣ್ಣೀರಿಗೆ ಹಾಕಬೇಕು. ಹೀಗೆ ಮತ್ತೆ ಮತ್ತೆ ಮಾಡಿದರೆ ಹಳದಿ, ನೇರಳೆ, ನೀಲಿ ಛಾಯೆಗಳನ್ನು ದಾಟಿ ಕಪ್ಪು ಬರುತ್ತದೆ. ಆತುರಪಟ್ಟು ದ್ರಾವಣವನ್ನು ಗಟ್ಟಿಯಾಗಿಸಿದರೆ ಪದರ ದಪ್ಪವಾಗಿ ಚಕ್ಕೆಯಂತೆ ಉದುರುತ್ತದೆ. ಕೊನೆಗೆ ಅಡುಗೆ ಸೋಡಾದ ನೀರಿನಲ್ಲಿ ತೊಳೆದು, ಉಬ್ಬಿದ ಭಾಗಗಳನ್ನು ಮಾತ್ರ ಉಜ್ಜಿ ಹೊಳಪಿಸಿದರೆ ತಗ್ಗುಗಳಲ್ಲಿ ಕಪ್ಪು ನಿಂತು ಕೆತ್ತನೆ ಎದ್ದು ಕಾಣುತ್ತದೆ.

ಎರಡು ಎಚ್ಚರಿಕೆಗಳಿವೆ. ಬೆಸುಗೆಯ ನಂತರ ಲೋಹ ಶುಚಿಮಾಡುವ ಆಮ್ಲ ಈ ದ್ರಾವಣಕ್ಕೆ ಸೇರಿದರೆ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಏಳುತ್ತದೆ, ಆದ್ದರಿಂದ ಎರಡನ್ನೂ ಒಂದೇ ಮೇಜಿನ ಮೇಲೆ ಇಡಬೇಡಿ, ಕಿಟಕಿ ತೆರೆದಿರಲಿ. ಇನ್ನೊಂದು, ಈ ಲವಣ ಬೆಳ್ಳಿ ಮತ್ತು ತಾಮ್ರದ ಮೇಲೆ ಚೆನ್ನಾಗಿ ಹಿಡಿಯುತ್ತದೆ, ಹಿತ್ತಾಳೆಯ ಮೇಲೆ ಸರಿಯಾಗಿ ಹಿಡಿಯುವುದಿಲ್ಲ. ಸಣ್ಣ ಪ್ರಯೋಗಕ್ಕಾದರೆ ಬೇಯಿಸಿದ ಮೊಟ್ಟೆಯನ್ನು ಪುಡಿಮಾಡಿ, ಗಾಳಿಯಾಡದ ಚೀಲದಲ್ಲಿ ಆಭರಣದೊಂದಿಗೆ ತಾಗದಂತೆ ಕೆಲವು ಗಂಟೆ ಇಟ್ಟರೂ ಕಪ್ಪು ಬರುತ್ತದೆ. ವಾಸನೆಯ ವಿಷಯದಲ್ಲಿ ಮನೆಯವರ ಒಪ್ಪಿಗೆ ಪಡೆಯುವುದು ನಿಮಗೆ ಬಿಟ್ಟದ್ದು.

ಸಿದ್ಧವಾದ ವಸ್ತುಗಳನ್ನು ಒಂದೊಂದಾಗಿ ಜಿಪ್ ಚೀಲದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಿ. ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಡಬೇಡಿ, ರಬ್ಬರಿನಲ್ಲೂ ಗಂಧಕವಿರುವುದರಿಂದ ಬ್ಯಾಂಡ್ ಇದ್ದ ಜಾಗದಲ್ಲೇ ಕಪ್ಪು ಗೆರೆ ಮೂಡುತ್ತದೆ.

ಮಂಜುಮುಸುಕು, ಸೋಮವಾರಪೇಟೆ

ರೆಸಿನ್ ಬಗ್ಗೆ ನಾನು ಸೇರಿಸುತ್ತೇನೆ. ಎರಡು ದ್ರವ ಬೆರೆಸುವ ಎಪಾಕ್ಸಿ ರೆಸಿನ್‌ಗೆ ಬೆಚ್ಚನೆಯ, ಒಣ ಗಾಳಿ ಬೇಕು. ಜುಲೈ ತಿಂಗಳಲ್ಲಿ ಮಡಿಕೇರಿಯ ಹಗಲೇ ಇಪ್ಪತ್ತು, ಇಪ್ಪತ್ತೆರಡು ಡಿಗ್ರಿಯ ಆಸುಪಾಸಿನಲ್ಲಿರುವಾಗ ಅದು ನಿಧಾನವಾಗಿ ಗಟ್ಟಿಯಾಗುತ್ತದೆ, ತೇವ ಸೇರಿದರೆ ಮೇಲೆ ಮಬ್ಬಾದ, ಜಿಡ್ಡು ಜಿಡ್ಡಾದ ಪೊರೆ ಕಟ್ಟುತ್ತದೆ. ಮುಚ್ಚಳವಿರುವ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಇಟ್ಟು, ಸಣ್ಣ ಹೀಟಿಂಗ್ ಪ್ಯಾಡ್ ಮೇಲೆ ಒಣಗಿಸುವುದು ಒಂದು ದಾರಿ. ನಾನಾದರೆ ಎಪಾಕ್ಸಿಯ ಕೆಲಸವನ್ನು ಮೇ ತಿಂಗಳಿನೊಳಗೆ ಮುಗಿಸಿ, ಮಳೆಯ ತಿಂಗಳುಗಳನ್ನು ತಂತಿಯ ಕೆಲಸಕ್ಕೆ ಇಟ್ಟುಕೊಳ್ಳುತ್ತೇನೆ.

ಯುವಿ ದೀಪದಡಿ ಗಟ್ಟಿಯಾಗುವ ರೆಸಿನ್ ಹವೆಯ ಹಂಗಿಲ್ಲದೆ ಬೇಗ ಮುಗಿಯುತ್ತದೆ ಎಂದು ಹಲವರು ಅದಕ್ಕೆ ಬದಲಾಯಿಸುತ್ತಾರೆ. ಆದರೆ ನಿಮ್ಮ ಶೈಲಿಗೆ ಅಲ್ಲೊಂದು ತೊಡಕಿದೆ: ಕಪ್ಪು ಬಣ್ಣ ಬೆಳಕನ್ನು ಒಳಗೆ ಬಿಡುವುದಿಲ್ಲವಾದ್ದರಿಂದ ಮೇಲ್ಪದರ ಗಟ್ಟಿಯಾದರೂ ಒಳಗೆ ದ್ರವವಾಗಿಯೇ ಉಳಿದು, ಧರಿಸಿದವರ ಚರ್ಮಕ್ಕೆ ಸೋರಬಹುದು. ಕಪ್ಪು ಬೇಕಾದರೆ ತೀರಾ ತೆಳುವಾದ ಪದರಗಳಲ್ಲಿ ಒಂದೊಂದನ್ನೇ ಗಟ್ಟಿಮಾಡುತ್ತಾ ಹೋಗಬೇಕು; ಇಲ್ಲವೇ ಪಾರದರ್ಶಕ ರೆಸಿನ್‌ನ ಹಿಂದೆ ಕಪ್ಪು ಹಾಳೆ ಅಥವಾ ಕಪ್ಪಾಗಿಸಿದ ತಗಡನ್ನು ಇಡಬೇಕು. ಗಟ್ಟಿಯಾಗದ ರೆಸಿನ್ ಬರಿಗೈಗೆ ತಾಗುತ್ತಿದ್ದರೆ ಕಾಲಕ್ರಮದಲ್ಲಿ ಅಲರ್ಜಿ ಅಂಟಿಕೊಳ್ಳುತ್ತದೆ, ಒಮ್ಮೆ ಅಂಟಿದರೆ ಹೋಗುವುದಿಲ್ಲ. ನೈಟ್ರೈಲ್ ಕೈಗವಸು ಹಾಕಿಕೊಳ್ಳಿ.

ಹೂಮಳೆಯ ನಂತರ ಅರಳುವ ಕಾಫಿ ಹೂವನ್ನು, ತೋಟದ ಜರೀಗಿಡದ ಎಲೆಯನ್ನು ಪದಕದೊಳಗೆ ಕೂರಿಸಿದರೆ ಫ್ಯಾಂಟಸಿ ಶೈಲಿಗೆ ಬಹಳ ಹೊಂದುತ್ತದೆ. ಹೂವನ್ನು ಸಿಲಿಕಾ ಜೆಲ್‌ನಲ್ಲಿ ಹುದುಗಿಸಿ ಪೂರ್ತಿ ಒಣಗಿಸದಿದ್ದರೆ ಮಾತ್ರ ಕಂದಾಗುತ್ತದೆ.

ಕೋಟೆಬಾಗಿಲು, ಮೈಸೂರು

ಹುಟ್ಟಿದ್ದು ನಾಪೋಕ್ಲುವಿನ ಕಡೆ, ಈಗ ಮೈಸೂರಿನಲ್ಲಿದ್ದೇನೆ. ವಿನ್ಯಾಸದ ಬಗ್ಗೆ ಒಂದು ಮಾತು. ಗೋಥಿಕ್ ಎಂದೊಡನೆ ತಲೆಬುರುಡೆ, ಬಾವಲಿಗಳಿಗೇ ಸೀಮಿತವಾಗಬೇಕಿಲ್ಲ. ಆಲ್ಬರ್ಟ್ ರಾಜಕುಮಾರ 1861ರಲ್ಲಿ ತೀರಿಕೊಂಡ ಮೇಲೆ ವಿಕ್ಟೋರಿಯಾ ರಾಣಿ ದೀರ್ಘಕಾಲ ಶೋಕದ ಉಡುಪಿನಲ್ಲೇ ಇದ್ದುದರಿಂದ ಇಂಗ್ಲೆಂಡಿನಲ್ಲಿ ಕಪ್ಪು ಆಭರಣಗಳಿಗೆ ದೊಡ್ಡ ಬೇಡಿಕೆ ಉಂಟಾಯಿತು. ವಿಟ್ಬಿ ಎಂಬ ಕಡಲೂರಿನಲ್ಲಿ ಸಿಗುವ ಜೆಟ್ ಎಂಬ ಕಪ್ಪು ವಸ್ತುವನ್ನು, ಅಂದರೆ ಕೋಟ್ಯಂತರ ವರ್ಷಗಳ ಹಿಂದಿನ ಮರ ಒತ್ತಡಕ್ಕೆ ಸಿಕ್ಕಿ ಗಟ್ಟಿಯಾದದ್ದನ್ನು, ಕೆತ್ತಿ ಸರ, ಪದಕಗಳನ್ನು ಮಾಡುತ್ತಿದ್ದರು. ಅದನ್ನು ಕೊಳ್ಳಲಾಗದವರಿಗೆ ಕಪ್ಪು ಗಾಜಿನ ಮಣಿಗಳು ಫ್ರೆಂಚ್ ಜೆಟ್ ಎಂಬ ಹೆಸರಿನಲ್ಲಿ ಬಂದವು. ನೀವು ಬಳಸುತ್ತಿರುವ ಕಪ್ಪು ಗಾಜಿನ ಮಣಿಗೆ ಅಷ್ಟು ಹಳೆಯ ವಂಶಾವಳಿಯಿದೆ, ಅದನ್ನು ಗಾಜೆಂದೇ ಹೇಳಿ ಮಾರಲು ಸಂಕೋಚ ಬೇಡ. ಈಗಿನ ಗಾಥ್ ಉಡುಗೆ ತೊಡುಗೆಯಾದರೋ 1980ರ ಆಸುಪಾಸಿನಲ್ಲಿ ಬ್ರಿಟನ್ನಿನ ಸಂಗೀತದ ಗುಂಪುಗಳ ಸುತ್ತ ಬೆಳೆದದ್ದು. ಅದು ಈ ಶೋಕಾಭರಣಗಳಿಂದ ಧಾರಾಳವಾಗಿ ಎರವಲು ಪಡೆದಿದೆ.

ನಿಮಗೆ ಚೂಪು ಕಮಾನು ಬೇಕಿದ್ದರೆ ಅಂತರಜಾಲದಲ್ಲಿ ಯುರೋಪಿನ ಚಿತ್ರ ಹುಡುಕುವ ಅಗತ್ಯವೇ ಇಲ್ಲ. ಮಡಿಕೇರಿ ಕೋಟೆಯೊಳಗೆ 1859ರಲ್ಲಿ ಕಟ್ಟಿದ ಸೇಂಟ್ ಮಾರ್ಕ್ಸ್ ಚರ್ಚ್ ಈಗ ಸರ್ಕಾರಿ ವಸ್ತುಸಂಗ್ರಹಾಲಯವಾಗಿದೆ, ಒಂದು ಮಧ್ಯಾಹ್ನ ಹೋಗಿ ಅದರ ಕಿಟಕಿಗಳನ್ನು ಕಾಗದದ ಮೇಲೆ ಬರೆದುಕೊಳ್ಳಿ. ವಿರಾಜಪೇಟೆಯ ಸೇಂಟ್ ಆನ್ಸ್ ಚರ್ಚಿನ ಗೋಪುರವೂ ಇದೆ. 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ ಓಂಕಾರೇಶ್ವರ ದೇವಸ್ಥಾನದ ಗುಮ್ಮಟ ಮತ್ತು ಮೂಲೆಯ ಮಿನಾರುಗಳನ್ನು ಯಾವ ಶೈಲಿಗೆ ಸೇರಿಸಬೇಕೆಂದು ವಿದ್ವಾಂಸರು ವಾದಿಸಲಿ, ಪದಕದ ಹೊರರೇಖೆಗಂತೂ ಅದು ಸೊಗಸಾದ ಆಕಾರ.

ಕೊಕ್ಕೆತಾತಿಯ ವಿಷಯದಲ್ಲಿ ನಾನು ನಿಮ್ಮ ಪರ. ಅರ್ಧಚಂದ್ರದ ಪದಕ, ಅದರ ಅಂಚಿಗೆ ಮುತ್ತು, ಮೇಲೆ ನಾಗನ ಹೆಡೆ: ಇವಿಷ್ಟನ್ನು ಕಪ್ಪಾಗಿಸಿದ ಬೆಳ್ಳಿಯಲ್ಲಿ ಮಾಡಿದರೆ ಲೋಕದ ಯಾವ ಗೋಥಿಕ್ ಕುಶಲಕರ್ಮಿಯೂ ಹೊಟ್ಟೆಕಿಚ್ಚುಪಡಬೇಕು. ಆಲ್ಬರ್ಟ್ ವಿಕ್ಟೋರಿಯಾಗೆ ಕೊಟ್ಟ ನಿಶ್ಚಿತಾರ್ಥದ ಉಂಗುರವೂ ಪಚ್ಚೆ ಕೂರಿಸಿದ ಹಾವಿನ ಆಕಾರದ್ದೇ ಆಗಿತ್ತು.

ಐನ್‌ಮನೆ, ನಾಪೋಕ್ಲು

ಮೇಲಿನವರ ಉತ್ಸಾಹಕ್ಕೆ ಅಡ್ಡಬರುತ್ತಿದ್ದೇನೆ, ಕ್ಷಮಿಸಿ. ಕೊಕ್ಕೆತಾತಿ ಮತ್ತು ಪತ್ತಾಕ್‌ಗಳನ್ನು ಒಂದೇ ಉಸಿರಿನಲ್ಲಿ ಹೇಳುವುದು ಸರಿಯಲ್ಲ. ಪತ್ತಾಕ್ ನಮ್ಮಲ್ಲಿ ಮದುವೆಯ ಸಂದರ್ಭದಲ್ಲಿ ತಾಯಿಯೇ ಮಗಳ ಕೊರಳಿಗೆ ಕಟ್ಟುವ ಆಭರಣ, ಮುತ್ತೈದೆಯ ಗುರುತು. ಅದರ ನಾಣ್ಯದ ಜಾಗದಲ್ಲಿ ತಲೆಬುರುಡೆ ಇಟ್ಟು ಮಾರುವುದನ್ನು ನಾನು ಒಪ್ಪಲಾರೆ, ಇನ್ನೂ ಹಲವರು ಒಪ್ಪಲಾರರು. ಕೊಕ್ಕೆತಾತಿಯ ಅರ್ಧಚಂದ್ರಾಕಾರವನ್ನು ಬಳಸಿಕೊಳ್ಳಿ, ಅದಕ್ಕೆ ಯಾರೂ ಏನೂ ಹೇಳುವುದಿಲ್ಲ. ಆದರೆ ಮಾರುವಾಗ ಅದನ್ನು ಸಾಂಪ್ರದಾಯಿಕ ಕೊಡವ ಆಭರಣ ಎಂದು ಕರೆಯಬೇಡಿ. ಪ್ರವಾಸಿಗರು ಅದನ್ನೇ ನಿಜವೆಂದು ನಂಬಿ ಹೋಗುತ್ತಾರೆ.

ಕರಿಮಣಿ, ಮಡಿಕೇರಿ

ತಾವು ಹೇಳಿದ್ದು ನ್ಯಾಯವಾಗಿದೆ, ಅಕ್ಕ. ಪತ್ತಾಕ್ ಅನ್ನು ಕೈಬಿಡುತ್ತೇನೆ. ಅರ್ಧಚಂದ್ರದ ಓಲೆಗಳಿಗೆ ಕೊಡಗಿನ ಆಭರಣದಿಂದ ಪ್ರೇರಿತವಾದ ಹೊಸ ವಿನ್ಯಾಸ ಎಂದಷ್ಟೇ ಬರೆಯುತ್ತೇನೆ. ಕೊಡವರು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಪೀಚೆಕತ್ತಿಯ ಪುಟ್ಟ ಆಕಾರವನ್ನು ಪದಕವಾಗಿ ಮಾಡುವುದರಲ್ಲಿ ಆಕ್ಷೇಪವಿದೆಯೇ? ಫ್ಯಾಂಟಸಿ ಕಥೆಗಳನ್ನು ಓದುವವರು ಕತ್ತಿ, ಕಠಾರಿಗಳ ಪದಕವನ್ನೇ ಹೆಚ್ಚು ಕೇಳುತ್ತಾರೆ.

ಐನ್‌ಮನೆ, ನಾಪೋಕ್ಲು

ಅದರಲ್ಲಿ ಆಕ್ಷೇಪವೇನಿಲ್ಲ, ಹಿಡಿಯ ಬಾಗನ್ನು ಮಾತ್ರ ಸರಿಯಾಗಿ ಮಾಡಿ. ಕೈಲ್‌ಪೊಳ್ದ್ ಎಂಬ ಆಯುಧಪೂಜೆಯ ಹಬ್ಬಕ್ಕೆ ಮೊದಲು ಸಿದ್ಧವಾದರೆ ನಮ್ಮ ಹುಡುಗರೇ ಕೊಂಡಾರು.

ಹಳೆಯ ಕುಲುಮೆ, ಗೋಣಿಕೊಪ್ಪ

ನಾನು ಅಕ್ಕಸಾಲಿ ಕೆಲಸದಲ್ಲಿಯೇ ತಲೆ ನರೆಸಿದವನು. ಈ ಕಪ್ಪು ಆಭರಣದ ರುಚಿ ನನಗೆ ಅಷ್ಟಾಗಿ ಹತ್ತದಿದ್ದರೂ ಕೆಲಸ ಕೆಲಸವೇ ಆದ್ದರಿಂದ ಹೇಳುತ್ತೇನೆ. ಮನೆಯಲ್ಲಿ ಮಾಡಿದ ಆಭರಣ ಹಿಂದಿರುಗಿ ಬರುವುದು ಬಣ್ಣಗೆಟ್ಟಿದ್ದಕ್ಕಿಂತ ಹೆಚ್ಚಾಗಿ ಕೊಂಡಿ ಬಿಚ್ಚಿಕೊಂಡಿದ್ದರಿಂದ. ಬಳೆಯಾಕಾರದ ಸಣ್ಣ ಕೊಂಡಿಗಳನ್ನು ತೆರೆಯುವಾಗ ಎರಡು ಇಕ್ಕಳಗಳಿಂದ ಹಿಡಿದು ಒಂದು ತುದಿಯನ್ನು ಮುಂದಕ್ಕೆ, ಇನ್ನೊಂದನ್ನು ಹಿಂದಕ್ಕೆ ಸರಿಸಬೇಕು; ಅಗಲಕ್ಕೆ ಹಿಗ್ಗಿಸಿದರೆ ಮತ್ತೆ ದುಂಡಾಗುವುದಿಲ್ಲ. ಭಾರದ ಪದಕ ತೂಗುವ ಕೊಂಡಿಯನ್ನು ಬೆಸೆದೇ ಬಿಡಿ. ಸುತ್ತುವ ಕೆಲಸಕ್ಕೆ 24 ಅಥವಾ 26 ಗೇಜಿನ ತೆಳು ತಂತಿ ಸಾಕು, ಚೌಕಟ್ಟಿಗೆ 18 ಗೇಜು, ಅಂದರೆ ಸುಮಾರು ಒಂದು ಮಿಲಿಮೀಟರ್ ದಪ್ಪದ್ದು ಬೇಕು. ಬಾಗಿಸಿ ಬಾಗಿಸಿ ಬಿರುಸಾದ ತಂತಿಯನ್ನು ಕೆಂಪಗೆ ಕಾಯಿಸಿ ತಣಿಸಿದರೆ ಮತ್ತೆ ಮೆತ್ತಗಾಗುತ್ತದೆ. ಇದನ್ನು ಬಿಟ್ಟು ಬಲದಿಂದ ಬಾಗಿಸುವವರ ಕೈಯಲ್ಲೇ ತಂತಿ ತುಂಡಾಗುತ್ತದೆ.

ಬೆಸುಗೆ ಕೊಳ್ಳುವಾಗ ಕ್ಯಾಡ್ಮಿಯಂ ಇಲ್ಲದ್ದನ್ನು ಕೇಳಿ ಪಡೆಯಿರಿ. ನಮ್ಮ ಕಸುಬಿನಲ್ಲಿ ಕ್ಯಾಡ್ಮಿಯಂ ಬೆರೆಸಿದ ಬೆಸುಗೆಯ ಕೆಡಿಎಂ ಎಂಬುದು ಒಂದು ಕಾಲಕ್ಕೆ ಹೆಮ್ಮೆಯ ಮಾತಾಗಿತ್ತು, ಆದರೆ ಅದರ ಹೊಗೆ ಕೆಲಸಗಾರನ ಶ್ವಾಸಕೋಶ ಮತ್ತು ಮೂತ್ರಪಿಂಡವನ್ನು ತಿನ್ನುತ್ತದೆ. ಮಕ್ಕಳು ಓಡಾಡುವ ಮನೆಯಲ್ಲಂತೂ ಅದು ಬೇಡವೇ ಬೇಡ.

ಇನ್ನು ಜರ್ಮನ್ ಸಿಲ್ವರ್. ಅದರಲ್ಲಿ ಬೆಳ್ಳಿ ಒಂದು ಗುಂಜಿಯೂ ಇಲ್ಲ, ತಾಮ್ರ, ನಿಕ್ಕಲ್ ಮತ್ತು ಸತುವಿನ ಮಿಶ್ರಣ. ಆಕ್ಸಿಡೈಸ್ಡ್ ಸಿಲ್ವರ್ ಎಂದು ಸಂತೆಯಲ್ಲಿ ಮಾರುವುದರಲ್ಲಿ ಹೆಚ್ಚಿನದು ಇಂಥದ್ದೇ. ನಿಮ್ಮದು 925 ಬೆಳ್ಳಿ, ಅಂದರೆ ಸ್ಟರ್ಲಿಂಗ್ ಆದರೆ ಹಾಗೆ ಬರೆಯಿರಿ, ತಾಮ್ರವಾದರೆ ತಾಮ್ರವೆನ್ನಿ. ಚಿನ್ನಕ್ಕೆ 2021ರ ಜೂನ್‌ನಿಂದ ಹಂತಹಂತವಾಗಿ ಹಾಲ್‌ಮಾರ್ಕ್ ಕಡ್ಡಾಯವಾಗಿದೆ, ಬೆಳ್ಳಿಗೆ ಅದು ಐಚ್ಛಿಕ. ಕಡ್ಡಾಯವಿಲ್ಲದ ಕಡೆ ಕೊಳ್ಳುವವರು ನಂಬುವುದು ಮಾರುವವರ ಮಾತನ್ನು ಮಾತ್ರ.

ಕಾಡಂಚು, ಪೊನ್ನಂಪೇಟೆ

ಈ ಶೈಲಿಯಲ್ಲಿ ಮೂಳೆ, ಉಗುರು, ಗರಿಗಳ ಬಳಕೆ ಹೆಚ್ಚಾಗಿರುವುದರಿಂದ ಕೊಡಗಿನಲ್ಲಿರುವ ನಮಗೆ ವಿಶೇಷ ಎಚ್ಚರ ಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಹುಲಿಯುಗುರು, ಆನೆದಂತ, ಜಿಂಕೆ ಮತ್ತು ಕಡವೆಯ ಕೊಂಬು, ಇವುಗಳ ವ್ಯಾಪಾರ ಅಪರಾಧ. ಆನೆಯ ಬಾಲದ ಕೂದಲಿನ ಉಂಗುರವೂ ಬೇಡ. ತೋಟದಲ್ಲಿ ತಾನಾಗಿ ಬಿದ್ದು ಸಿಕ್ಕಿತು, ಅಜ್ಜನ ಕಾಲದಿಂದ ಮನೆಯಲ್ಲಿತ್ತು ಎಂಬ ಮಾತುಗಳು ಮಾರಾಟಕ್ಕೆ ರಕ್ಷಣೆಯಾಗುವುದಿಲ್ಲ. 2023ರ ಅಕ್ಟೋಬರ್‌ನಲ್ಲಿ ದೂರದರ್ಶನದ ಕಾರ್ಯಕ್ರಮವೊಂದರಲ್ಲಿ ಹುಲಿಯುಗುರಿನ ಪದಕ ಧರಿಸಿ ಕಾಣಿಸಿಕೊಂಡ ಸ್ಪರ್ಧಿಯ ಬಂಧನವಾದ ಮೇಲೆ ರಾಜ್ಯದಾದ್ಯಂತ ಎಷ್ಟು ಗದ್ದಲವಾಯಿತೆಂಬುದು ಎಲ್ಲರಿಗೂ ನೆನಪಿರಬಹುದು. ಉಗುರಿನ ಆಕಾರ ಬೇಕಿದ್ದರೆ ರೆಸಿನ್‌ನಲ್ಲಿ ಅಥವಾ ಲೋಹದಲ್ಲಿ ಮಾಡಿ, ಅದು ಕೃತಕವೆಂದು ವಿವರದಲ್ಲಿ ಸ್ಪಷ್ಟವಾಗಿ ಬರೆಯಿರಿ. ಮುಳ್ಳುಹಂದಿಯ ಮುಳ್ಳಿನ ಓಲೆಯನ್ನು ಸಹ ಯಾರೋ ಕೇಳಿದರೆಂದು ಮಾಡಿಕೊಡಬೇಡಿ.

ಲೆಕ್ಕದಪುಸ್ತಕ, ಕುಶಾಲನಗರ

ಬೆಲೆಯ ಬಗ್ಗೆ ಯಾರೂ ಮಾತನಾಡದಿರುವುದನ್ನು ನೋಡಿ ಬರೆಯುತ್ತಿದ್ದೇನೆ. ಮನೆಯಲ್ಲಿ ಮಾಡುವವರು ಸಾಮಗ್ರಿಯ ಖರ್ಚಿಗೆ ಒಂದಿಷ್ಟು ಸೇರಿಸಿ ಬೆಲೆ ಹೇಳಿಬಿಡುತ್ತಾರೆ, ತಮ್ಮ ಸಮಯಕ್ಕೆ ಕೂಲಿ ಹಾಕುವುದಿಲ್ಲ. ಒಂದು ತಾಮ್ರದ ಪದಕಕ್ಕೆ ಸಾಮಗ್ರಿ 180 ರೂಪಾಯಿ, ಮೂರು ಗಂಟೆಯ ಕೆಲಸಕ್ಕೆ ಗಂಟೆಗೆ 150ರಂತೆ 450, ಪೆಟ್ಟಿಗೆ ಮತ್ತು ಚೀಲಕ್ಕೆ 40, ಹಾಳಾಗುವ ತಂತಿ, ಸವೆಯುವ ಉಪಕರಣ, ವಿದ್ಯುತ್ತಿಗೆ 50 ಎಂದಿಟ್ಟುಕೊಳ್ಳೋಣ. ಒಟ್ಟು 720 ಆಯಿತು. ಇದು ನಿಮ್ಮ ಅಸಲು, ಮಾರುವ ಬೆಲೆಯಲ್ಲ. ಹೋಂಸ್ಟೇಯೊಂದರ ಕಪಾಟಿನಲ್ಲಿ ಮಾರಾಟವಾದರೆ ಹಣ ಎಂಬ ಕರಾರಿನ ಮೇಲೆ ಇಟ್ಟು, ಅವರು ಶೇಕಡಾ 30 ಹಿಡಿದುಕೊಂಡರೆ 720ರಲ್ಲಿ ನಿಮ್ಮ ಕೈಗೆ 504 ಮಾತ್ರ ಬರುತ್ತದೆ. 1050 ಎಂದು ಬೆಲೆಯಿಟ್ಟರೆ 735 ಉಳಿಯುತ್ತದೆ. ಅಂತರಜಾಲದಲ್ಲೂ ಅದೇ 1050 ಇರಲಿ, ಎರಡು ಕಡೆ ಎರಡು ಬೆಲೆ ಕಂಡರೆ ಹೋಂಸ್ಟೇಯವರು ಮುಂದಿನ ಸಲ ಕಪಾಟು ಕೊಡುವುದಿಲ್ಲ. ಬೆಳ್ಳಿಯ ವಸ್ತುಗಳಿಗಾದರೆ ಬೆಲೆಯನ್ನು ಆಗಾಗ ತಿದ್ದುತ್ತಿರಬೇಕು. 2025ರಲ್ಲಿ ಬೆಳ್ಳಿ ಕಿಲೋಗೆ ಒಂದೂವರೆ ಲಕ್ಷ ರೂಪಾಯಿಯನ್ನೂ ದಾಟಿ ಹೋದಾಗ ಹಳೆಯ ಬೆಲೆಗೆ ಮುಂಗಡ ಒಪ್ಪಿಕೊಂಡಿದ್ದವರಿಗೆ ಕೂಲಿಯೂ ಗಿಟ್ಟಿರಲಾರದು.

ತೆರಿಗೆಯ ವಿಷಯವನ್ನು ಚುಟುಕಾಗಿ ಹೇಳುತ್ತೇನೆ. ಕರ್ನಾಟಕದಲ್ಲಿ ಸರಕು ಮಾತ್ರ ಮಾರುವವರಿಗೆ ವಾರ್ಷಿಕ ವಹಿವಾಟು 40 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. 2023ರ ಅಕ್ಟೋಬರ್‌ನಿಂದ ನೋಂದಣಿ ಇಲ್ಲದವರೂ ರಾಜ್ಯದೊಳಗೆ ಆನ್‌ಲೈನ್ ಮಾರುಕಟ್ಟೆಗಳ ಮೂಲಕ ಮಾರಬಹುದು, ಅದಕ್ಕೆ ಜಿಎಸ್‌ಟಿ ಜಾಲತಾಣದಲ್ಲಿ ಒಂದು ಗುರುತಿನ ಸಂಖ್ಯೆ ಪಡೆದರೆ ಸಾಕು. ಪುಣೆಗೆ ಕಳುಹಿಸಿದೊಡನೆ ಅದು ಅಂತರರಾಜ್ಯ ಮಾರಾಟವಾಗುವುದರಿಂದ ನಿಯಮ ಬದಲಾಗುತ್ತದೆ. ಅಧಿಸೂಚಿತ ಕರಕುಶಲ ವಸ್ತುಗಳಿಗೆ ಅಲ್ಲಿಯೂ ವಿನಾಯಿತಿ ಇದೆ. ನಿಮ್ಮ ವಸ್ತು ಆ ಪಟ್ಟಿಗೆ ಹೊಂದುತ್ತದೆಯೇ ಎಂದು ಮೊದಲ ಪಾರ್ಸೆಲ್‌ಗೆ ಮುಂಚೆಯೇ ತೆರಿಗೆ ಸಲಹೆಗಾರರನ್ನು ಕೇಳಿಬಿಡಿ. ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಉಚಿತ, ಅದಕ್ಕೆ ಹಣ ಕೇಳುವ ಮಧ್ಯವರ್ತಿಗಳಿಗೆ ಮರುಳಾಗಬೇಡಿ.

ಕರಿಮಣಿ, ಮಡಿಕೇರಿ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ವಂದನೆಗಳು. ಬೆಲೆಯ ಲೆಕ್ಕವನ್ನು ನನ್ನ ಪದಕಗಳಿಗೆ ಹೊಂದಿಸಿ ನೋಡಿದೆ. ಇಷ್ಟು ದಿನ ಸ್ನೇಹಿತರಿಂದ ಪಡೆಯುತ್ತಿದ್ದುದು ಉಡುಗೊರೆಯ ಬೆಲೆಯಷ್ಟೇ. ವಿದೇಶಕ್ಕೆ ಕಳುಹಿಸುವುದು ಈಗಲೇ ಸೂಕ್ತವೇ? ಕರಕುಶಲ ವಸ್ತುಗಳ ಆನ್‌ಲೈನ್ ಮಾರುಕಟ್ಟೆಯಾದ ಎಟ್ಸಿಯಲ್ಲಿ ಈ ಶೈಲಿಗೆ ಗಿರಾಕಿಗಳು ಹೆಚ್ಚು ಎಂದು ಕೇಳಿದ್ದೇನೆ.

ಲೆಕ್ಕದಪುಸ್ತಕ, ಕುಶಾಲನಗರ

ಗಿರಾಕಿಗಳು ಇರುವುದು ನಿಜ. ಆದರೆ ಅಲ್ಲಿ ಒಂದು ವಸ್ತುವನ್ನು ನಾಲ್ಕು ತಿಂಗಳು ಪ್ರದರ್ಶನಕ್ಕಿಡಲು 0.20 ಡಾಲರ್, ಮಾರಾಟವಾದಾಗ ಸಾಗಣೆ ವೆಚ್ಚವೂ ಸೇರಿದ ಮೊತ್ತದ ಮೇಲೆ ಶೇಕಡಾ 6.5 ಶುಲ್ಕ, ಅದರ ಮೇಲೆ ಹಣ ಪಾವತಿಯ ಶುಲ್ಕ ಬೇರೆ. ರಫ್ತಿಗೆ ಐಇಸಿ, ಅಂದರೆ ಆಮದು-ರಫ್ತುದಾರರ ಗುರುತಿನ ಸಂಖ್ಯೆ ಪಡೆಯಬೇಕು. ಅಮೆರಿಕವು 800 ಡಾಲರ್‌ವರೆಗಿನ ಪಾರ್ಸೆಲ್‌ಗಳಿಗಿದ್ದ ಸುಂಕ ವಿನಾಯಿತಿಯನ್ನು 2025ರ ಆಗಸ್ಟ್ 29ರಿಂದ ತೆಗೆದುಹಾಕಿರುವುದರಿಂದ ಸಣ್ಣ ಮಾರಾಟಗಾರರ ಲೆಕ್ಕಾಚಾರ ಮೊದಲಿನಂತಿಲ್ಲ. ಒಂದು ವರ್ಷ ದೇಶದೊಳಗೆ ಮಾರಿ, ಪಾರ್ಸೆಲ್ ಮಾಡುವುದನ್ನೂ ದೂರುಗಳಿಗೆ ಉತ್ತರಿಸುವುದನ್ನೂ ರೂಢಿಸಿಕೊಂಡು ಆಮೇಲೆ ಯೋಚಿಸಿ. ಕೊಡಗಿಗೆ ರೈಲಿಲ್ಲ, ನಮ್ಮ ಪಾರ್ಸೆಲ್‌ಗಳೆಲ್ಲ ಘಾಟಿಯ ರಸ್ತೆಯಲ್ಲೇ ಇಳಿಯಬೇಕು. ಜುಲೈ, ಆಗಸ್ಟ್‌ನಲ್ಲಿ ತಲುಪಿಸುವ ದಿನವನ್ನು ಧಾರಾಳವಾಗಿ ಹೇಳುವುದು ಕ್ಷೇಮ.

ಮಂಜುಮುಸುಕು, ಸೋಮವಾರಪೇಟೆ

ಬಿಟ್ಟುಹೋದದ್ದೊಂದಿದೆ. ಪ್ರಸಿದ್ಧ ಸಿನಿಮಾ, ಆಟ, ಕಾದಂಬರಿಗಳ ಲಾಂಛನಗಳನ್ನು ಮಾಡಿಕೊಡಿ ಎಂದು ಗಿರಾಕಿಗಳು ಕೇಳಿಯೇ ಕೇಳುತ್ತಾರೆ. ಅವುಗಳ ಹಕ್ಕು ಬೇರೆಯವರ ಬಳಿ ಇರುವುದರಿಂದ ದೂರು ಬಂದರೆ ನಿಮ್ಮ ಖಾತೆಯೇ ಮುಚ್ಚಬಹುದು. ಡ್ರ್ಯಾಗನ್ ಎಲ್ಲರದ್ದು, ಒಂದು ನಿರ್ದಿಷ್ಟ ಸಿನಿಮಾದ ಡ್ರ್ಯಾಗನ್ ಅಲ್ಲ.

ಕರಿಮಣಿ, ಮಡಿಕೇರಿ

ಅರ್ಧಚಂದ್ರದ ಓಲೆಗಳಿಂದಲೇ ಆರಂಭಿಸುತ್ತೇನೆ. ಕೊನೆಯ ಪ್ರಶ್ನೆ ಗೋಣಿಕೊಪ್ಪದ ಹಿರಿಯರಿಗೆ: ಓಲೆಯ ಮುಖ ತಾಮ್ರದ್ದಾದರೆ ಕಿವಿಗೆ ಹೋಗುವ ಕೊಕ್ಕೆಯೂ ತಾಮ್ರದ್ದೇ ಇರಬಹುದೇ? ಕೆಲವರಿಗೆ ಕಿವಿ ತುರಿಸುತ್ತದೆ ಎನ್ನುತ್ತಾರೆ.

ಹಳೆಯ ಕುಲುಮೆ, ಗೋಣಿಕೊಪ್ಪ

ಬೇಡಮ್ಮ. ಮುಖ ಯಾವ ಲೋಹದ್ದಾದರೂ ಇರಲಿ, ಕಿವಿಯೊಳಗೆ ಹೋಗುವ ತಂತಿ 925 ಬೆಳ್ಳಿಯದ್ದಿರಲಿ, 20 ಗೇಜು ಸಾಕು. ತುರಿಕೆ ತರುವುದು ಬಹಳ ಮಟ್ಟಿಗೆ ನಿಕ್ಕಲ್, ಅದಕ್ಕೇ ಯುರೋಪಿನಲ್ಲಿ ಚರ್ಮಕ್ಕೆ ತಾಗುವ ಆಭರಣದಿಂದ ನಿಕ್ಕಲ್ ಎಷ್ಟು ಬಿಡುಗಡೆಯಾಗಬಹುದೆಂದು ಕಾನೂನಿನಲ್ಲೇ ಮಿತಿ ಹಾಕಿದ್ದಾರೆ, ಚುಚ್ಚಿದ ಕಿವಿಗೆ ಹೋಗುವ ಭಾಗಕ್ಕಂತೂ ಮಿತಿ ಇನ್ನೂ ಬಿಗಿ. ಬೆಳ್ಳಿಯೂ ಆಗದವರಿಗೆ ಟೈಟಾನಿಯಂ ಕೊಕ್ಕೆ ಕೊಂಡು ಹಾಕಿಕೊಡಿ, ಬೆಲೆ ಸ್ವಲ್ಪ ಹೆಚ್ಚಿಸಿದರೂ ಅವರು ಕೊಡುತ್ತಾರೆ. ಕೊಕ್ಕೆಯನ್ನು ಕಪ್ಪಾಗಿಸಬೇಡಿ, ಓಲೆಯ ಮುಖವನ್ನು ಕಪ್ಪಾಗಿಸಿದ ಮೇಲೆ ಅದನ್ನು ಜೋಡಿಸಿ. ತುದಿಯನ್ನು ನುಣ್ಣನೆಯ ಅರದಿಂದ ದುಂಡಗೆ ಉಜ್ಜಿ, ನಿಮ್ಮ ಕೆನ್ನೆಯ ಮೇಲೆ ಎಳೆದು ನೋಡಿ. ಗೀರಿದಂತೆ ಅನಿಸಿದರೆ ಇನ್ನೂ ಉಜ್ಜಬೇಕು.